ಸೊನ್ನೆ ಬೇರೆ, ಮೌನ ಬೇರೆ: ಜಗದೀಶಚಂದ್ರ ಬೋಸರ ಬದುಕು ಮತ್ತು ನಮ್ಮ ಔರಾದ್ ಡಬ್ಬಿ



ನವೆಂಬರ್ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡಬೇಕೆಂದು ಭೌತಶಾಸ್ತ್ರದ ಸರ್ ಹೇಳಿದಾಗ ಗೆಳೆಯರೆಲ್ಲ ಒಂದೇ ಉಸಿರಿಗೆ ಅಬ್ದುಲ್ ಕಲಾಂ ಅವರ ಹೆಸರು ಹೇಳಿದರು. ಕಲಾಂ ಸಾಹೇಬರ ಬಗ್ಗೆ ಬರೆಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನು ಆಚಾರ್ಯ ಜಗದೀಶಚಂದ್ರ ಬೋಸರನ್ನು ಆರಿಸಿಕೊಂಡೆ. ಅವರು ಹುಟ್ಟಿದ್ದು ನವೆಂಬರ್‌ನಲ್ಲಿ, ತೀರಿಕೊಂಡದ್ದೂ ನವೆಂಬರ್‌ನಲ್ಲಿ. ಇದು ಹೇಳಿಕೊಳ್ಳುವ ಕಾರಣ. ನಿಜವಾದ ಕಾರಣ ಬೇರೆ ಇದೆ. ಔರಾದ್ ತಾಲ್ಲೂಕಿನ ನಮ್ಮ ನಾನಾ ಅವರ ಹೊಲದಲ್ಲಿ ಕಂಬಕ್ಕೆ ಕಟ್ಟಿರುವ ಒಂದು ಬಿಳಿ ಡಬ್ಬಿ ಕಳೆದ ಮಳೆಗಾಲದಲ್ಲಿ ನಮ್ಮಿಂದ ಒಂದು ಸುಳ್ಳು ಬರೆಸುವುದರಲ್ಲಿತ್ತು. ಅದನ್ನು ರಿಪೇರಿ ಮಾಡುವಾಗ ನನಗೆ ಬೋಸರು ನಿಜವಾಗಿ ಅರ್ಥವಾದರು.

ಡಬ್ಬಿಗಳ ವಿಷಯ ಹೊಸದಾಗಿ ಸೇರಿದವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಪ್ರಾಜೆಕ್ಟ್‌ಗಾಗಿ ಮೂರು ಮಳೆಮಾಪಕ ಮಾಡಿದ್ದೇವೆ. ಒಂದು ಬೀದರ್‌ನಲ್ಲಿ ಕಾಲೇಜಿನ ಮಾಳಿಗೆಯ ಮೇಲೆ, ಒಂದು ಭಾಲ್ಕಿಯಲ್ಲಿ ಸಹಪಾಠಿಯ ಮನೆಯ ಮೇಲೆ, ಮೂರನೆಯದು ಔರಾದ್ ಕಡೆಯ ಆ ಹೊಲದಲ್ಲಿ. ಮೇಲೆ 20 ಸೆಂಟಿಮೀಟರ್ ಅಗಲದ ಆಲಿಕೆ. ಅದರ ಕೆಳಗೆ ತಕ್ಕಡಿಯಂತೆ ಆಚೆ ಈಚೆ ವಾಲುವ ಜೋಡಿ ಬಟ್ಟಲು. ಅರ್ಧ ಮಿಲಿಮೀಟರ್ ಮಳೆ ತುಂಬಿದೊಡನೆ ಬಟ್ಟಲು ಒಮ್ಮೆ ವಾಲುತ್ತದೆ, ಎಣಿಕೆ ಒಂದು ಏರುತ್ತದೆ. ಒಳಗೆ ಒಂದು ಲಿಥಿಯಂ ಸೆಲ್, ಅದನ್ನು ತುಂಬಿಸಲು ಅಂಗೈ ಅಗಲದ ಸೋಲಾರ್ ಫಲಕ, ಮೊಬೈಲ್ ಸಿಮ್ ಹಾಕಿದ ಪುಟ್ಟ ಮಾಡ್ಯೂಲ್. ಮಳೆ ಬಂದರೆ ಗಂಟೆಗೊಮ್ಮೆ ನಮ್ಮ ಪ್ರಯೋಗಾಲಯದ ಕಂಪ್ಯೂಟರಿಗೆ ಲೆಕ್ಕ ಕಳುಹಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇದೇ ತತ್ವದ ದೊಡ್ಡ ಯಂತ್ರಗಳನ್ನು ಇಟ್ಟಿದ್ದಾರೆ. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. ನಮ್ಮದು ಅವುಗಳ ಬಡ ತಮ್ಮ.

ಈಗ ಬೋಸರ ಕಥೆಗೆ ಬರೋಣ.

ಜಗದೀಶಚಂದ್ರ ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್‌ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಆ ಕಾಲದಲ್ಲಿ ಅಂಥ ಅಧಿಕಾರಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುವುದೇ ಮರ್ಯಾದೆ ಎಂದು ತಿಳಿದಿದ್ದರು. ಭಗವಾನ್‌ಚಂದ್ರರು ಮಗನನ್ನು ಬಂಗಾಳಿ ಶಾಲೆಗೆ ಕಳುಹಿಸಿದರು. ತನ್ನ ಭಾಷೆ ಮತ್ತು ತನ್ನ ಜನ ಮೊದಲು ಗೊತ್ತಾಗಲಿ, ಇಂಗ್ಲಿಷ್ ಆಮೇಲೆ ಬರಲಿ ಎಂಬುದು ಅವರ ನಿಲುವು. ಆ ಶಾಲೆಯಲ್ಲಿ ಜಗದೀಶನ ಒಂದು ಬದಿಗೆ ತಂದೆಯ ಮುಸ್ಲಿಂ ಜವಾನನ ಮಗ ಕೂರುತ್ತಿದ್ದ, ಇನ್ನೊಂದು ಬದಿಗೆ ಮೀನುಗಾರನ ಮಗ. ಹಕ್ಕಿ, ಮೀನು, ನೀರಿನ ಪ್ರಾಣಿಗಳ ಕಥೆಗಳನ್ನು ಅವರಿಂದಲೇ ಕೇಳಿದ ಎಂದೂ, ಪ್ರಕೃತಿಯನ್ನು ನೋಡುವ ಆಸೆ ಅಲ್ಲಿಂದಲೇ ಹುಟ್ಟಿತೆಂದೂ ಬೋಸರು ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ. ಶಾಲೆ ಬಿಟ್ಟು ಗೆಳೆಯರೊಂದಿಗೆ ಮನೆಗೆ ಬಂದರೆ ತಾಯಿ ಎಲ್ಲರಿಗೂ ಭೇದವಿಲ್ಲದೆ ಉಣಬಡಿಸುತ್ತಿದ್ದರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುತ್ತ ಬೆಳೆದ ನಮ್ಮಂಥವರಿಗೆ ಈ ಚಿತ್ರ ದೂರದ್ದೇನಲ್ಲ.

ಮುಂದೆ ಕೋಲ್ಕತ್ತದ ಹೇರ್ ಶಾಲೆ, ಸೇಂಟ್ ಝೇವಿಯರ್ಸ್ ಶಾಲೆ ಮತ್ತು ಕಾಲೇಜು. ಅಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಪ್ರಯೋಗ ಮಾಡಿ ತೋರಿಸಿಯೇ ಭೌತಶಾಸ್ತ್ರ ಕಲಿಸುತ್ತಿದ್ದರು. 1880ರಲ್ಲಿ ಬೋಸರು ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಆದರೆ ಬೆನ್ನು ಹತ್ತಿದ್ದ ಜ್ವರ ಬಿಡಲಿಲ್ಲ, ಶವ ಕೊಯ್ಯುವ ಕೋಣೆಯ ವಾಸನೆಗೆ ಅದು ಇನ್ನೂ ಹೆಚ್ಚಾಯಿತು. ವೈದ್ಯನಾಗುವ ಆಸೆ ಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜು ಸೇರಿದರು. ಅಲ್ಲಿ ಲಾರ್ಡ್ ರ‍್ಯಾಲೆಯವರ ಬಳಿ ಕಲಿತರು. ನೀಟ್ ಸಿಗದಿದ್ದರೆ ಜೀವನವೇ ಮುಗಿಯಿತು ಎಂದುಕೊಳ್ಳುವ ನನ್ನ ಗೆಳೆಯರು ಈ ಸಾಲನ್ನು ಎರಡು ಸಲ ಓದಲಿ.

1885ರಲ್ಲಿ ಬೋಸರು ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಅದೇ ಕೆಲಸಕ್ಕೆ ಯುರೋಪಿನವರಿಗೆ ಒಂದು ಸಂಬಳ, ಭಾರತೀಯರಿಗೆ ಅದಕ್ಕಿಂತ ಕಡಿಮೆ. ಬೋಸರು ಜಗಳವಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಸಂಬಳ ಮುಟ್ಟುವುದನ್ನೇ ನಿಲ್ಲಿಸಿದರು. ಆದರೆ ಪಾಠ ನಿಲ್ಲಿಸಲಿಲ್ಲ. ಮೂರು ವರ್ಷ ಹೀಗೆ ನಡೆಯಿತು. ಆ ಹೊತ್ತಿಗೆ ತಂದೆ ಕೈಹಾಕಿದ ಉದ್ಯಮಗಳು ನಷ್ಟವಾಗಿ ಮನೆಯ ಮೇಲೆ ಸಾಲ ಇತ್ತು. 1887ರಲ್ಲಿ ಮದುವೆಯೂ ಆಗಿತ್ತು. ಹೆಂಡತಿ ಅಬಲಾ ಅವರು ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬಂದಿದ್ದವರು, ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬಹಳ ದುಡಿದರು. ಮೂರು ವರ್ಷದ ನಂತರ ಸರ್ಕಾರ ಮಣಿದು ಮೊದಲ ದಿನದಿಂದ ಲೆಕ್ಕ ಹಾಕಿ ಪೂರ್ತಿ ಸಂಬಳ ಕೊಟ್ಟಿತು. ಆ ಹಣದಿಂದ ತಂದೆಯ ಸಾಲ ತೀರಿಸಲು ಅನುಕೂಲವಾಯಿತು.

ಕಾಲೇಜಿನಲ್ಲಿ ಸಂಶೋಧನೆಗೆ ಜಾಗ ಇರಲಿಲ್ಲ. ಸ್ನಾನದ ಕೋಣೆಗೆ ಹೊಂದಿಕೊಂಡಿದ್ದ 24 ಚದರ ಅಡಿಯ ಒಂದು ಮೂಲೆಯೇ ಅವರ ಪ್ರಯೋಗಾಲಯ. ನಮ್ಮ ಲ್ಯಾಬ್‌ನ ಎರಡು ಮೇಜು ಸೇರಿಸಿದರೆ ಅಷ್ಟಾಗುತ್ತದೆ. ತಗಡಿನ ಕೆಲಸದವನೊಬ್ಬನಿಗೆ ಕಲಿಸಿ, ಅವನ ಕೈಯಿಂದಲೇ ಉಪಕರಣ ಮಾಡಿಸಿಕೊಂಡರು. 1894ರಲ್ಲಿ, ತಮ್ಮ 36ನೆಯ ಹುಟ್ಟುಹಬ್ಬದ ಸುಮಾರಿಗೆ, ಇನ್ನು ಮುಂದೆ ಹೊಸ ಜ್ಞಾನ ಹುಡುಕುವುದಕ್ಕೇ ಬದುಕು ಎಂದು ನಿಶ್ಚಯ ಮಾಡಿದರು.

ಆಗ ಹೈನ್ರಿಕ್ ಹರ್ಟ್ಜ್ ಕಂಡುಹಿಡಿದಿದ್ದ ವಿದ್ಯುತ್ಕಾಂತೀಯ ಅಲೆಗಳ ಸುದ್ದಿ ಎಲ್ಲೆಡೆ ಹರಡಿತ್ತು. ಬೇರೆಯವರು ಉದ್ದದ ಅಲೆಗಳ ಹಿಂದೆ ಬಿದ್ದಿದ್ದರು. ಬೋಸರು ಬಹಳ ಗಿಡ್ಡ ಅಲೆಗಳನ್ನು ಹುಟ್ಟಿಸಿದರು, ಉದ್ದ ಸುಮಾರು 5 ಮಿಲಿಮೀಟರ್. ಅಲೆ ಗಿಡ್ಡದಾದರೆ ಉಪಕರಣವೂ ಚಿಕ್ಕದಾಗುತ್ತದೆ, ಎಲ್ಲವನ್ನೂ ಮೇಜಿನ ಮೇಲೆಯೇ ಪರೀಕ್ಷಿಸಬಹುದು. ಹೋಲಿಕೆಗೆ ಹೇಳುವುದಾದರೆ, 900 ಮೆಗಾಹರ್ಟ್ಜ್‌ನ ಮೊಬೈಲ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಬೋಸರು ಬಳಸಿದ ಮಿಲಿಮೀಟರ್ ಅಲೆಗಳ ಕಡೆಗೆ ಮೊಬೈಲ್ ಜಗತ್ತು ಬಂದದ್ದು 5ಜಿ ಕಾಲದಲ್ಲಿ. ಅಲೆಗಳನ್ನು ಸೋಸಲು ಅವರು ರೈಲ್ವೆ ವೇಳಾಪಟ್ಟಿ ಪುಸ್ತಕದ ಹಾಳೆಗಳ ನಡುವೆ ತವರದ ಹಾಳೆ ಇಟ್ಟು ನೋಡಿದರು, ಹುರಿ ಮಾಡಿದ ಸೆಣಬಿನ ಕಟ್ಟುಗಳನ್ನೂ ಬಳಸಿದರು. 1895ರಲ್ಲಿ ಕೋಲ್ಕತ್ತದ ಟೌನ್ ಹಾಲ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಎದುರು ಪ್ರಯೋಗ ತೋರಿಸಿದರು. ಕಣ್ಣಿಗೆ ಕಾಣದ ಅಲೆ ಗೋಡೆಗಳನ್ನು ದಾಟಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿತು, ಮದ್ದಿಗೆ ಕಿಡಿ ಹಚ್ಚಿತು. ನಡುವೆ ತಂತಿ ಇರಲಿಲ್ಲ. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್‌ಸಿ. ಪದವಿ ನೀಡಿತು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಟ್ಟರು.

ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ನನಗೆ ಮುಖ್ಯವೆನಿಸಿದ್ದು ಅವರು ಆ ಉಪಕರಣಗಳನ್ನು ಹೇಗೆ ಸಾಕಿದರು ಎಂಬುದು.

ಆ ಕಾಲದ ರಿಸೀವರ್‌ನ ಹೆಸರು ಕೊಹೀರರ್. ಗಾಜಿನ ಕೊಳವೆಯಲ್ಲಿ ಲೋಹದ ಪುಡಿ, ಅದಕ್ಕೆ ಒಂದು ಸೆಲ್, ಒಂದು ಗ್ಯಾಲ್ವನೋಮೀಟರ್. ಅಲೆ ಬಂದು ತಾಗಿದರೆ ಪುಡಿಯ ಕಣಗಳ ನಡುವಿನ ರೋಧ ಇಳಿದು ಕರೆಂಟ್ ಹರಿಯುತ್ತದೆ, ಮುಳ್ಳು ಅಲ್ಲಾಡುತ್ತದೆ. ಮತ್ತೆ ಕೆಲಸ ಮಾಡಬೇಕಾದರೆ ಕೊಳವೆಯನ್ನು ಬೆರಳಿನಿಂದ ತಟ್ಟಬೇಕು. ಯುರೋಪಿನ ಒಣ ಚಳಿಯಲ್ಲಿ ಇದು ಹೇಗೋ ನಡೆಯುತ್ತಿತ್ತು. ಬಂಗಾಳದ ಬಿಸಿ ಮತ್ತು ತೇವದಲ್ಲಿ ಲೋಹದ ಪುಡಿಗೆ ತುಕ್ಕು ಹಿಡಿಯುತ್ತಿತ್ತು. ಹವಾಮಾನ ಕೆಟ್ಟದ್ದು ಎಂದು ಬೋಸರು ಕೈ ಚೆಲ್ಲಲಿಲ್ಲ. ಪುಡಿಯನ್ನು ತೆಗೆದುಹಾಕಿ ಸಣ್ಣ ಉಕ್ಕಿನ ಸ್ಪ್ರಿಂಗ್‌ಗಳನ್ನು ಸಾಲಾಗಿ ಜೋಡಿಸಿದರು. ಅವಕ್ಕೆ ತುಕ್ಕು ಹಿಡಿಯದಂತೆ ಕೋಬಾಲ್ಟ್ ಲೇಪನ ಕೊಟ್ಟರು. ಸ್ಪ್ರಿಂಗ್‌ಗಳ ಒತ್ತಡವನ್ನು ಸ್ಕ್ರೂ ತಿರುಗಿಸಿ ಹೊಂದಿಸುವಂತೆ ಮಾಡಿದರು. ಸೆಲ್‌ನ ವೋಲ್ಟೇಜನ್ನೂ ಬೇಕಾದಷ್ಟೇ ಕೊಡುವ ವ್ಯವಸ್ಥೆ ಮಾಡಿದರು. ಅಲೆ ಹುಟ್ಟಿಸುವ ಕಾಯಿಲ್ ಮತ್ತು ಅದರ ಸೆಲ್ಲನ್ನು ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರು, ಅಡ್ಡಾದಿಡ್ಡಿ ಅಲೆಗಳು ಹೊರಬಂದು ಫಲಿತಾಂಶ ಕೆಡಿಸಬಾರದೆಂದು. ಕೀಲಿ ಒತ್ತಿದರೆ ಒಂದೇ ಒಂದು ಮಿಂಚು ಅಲೆ ಹೊರಡುತ್ತಿತ್ತು, ಸುಮ್ಮನೆ ಕಿಡಿಗಳ ಸುರಿಮಳೆ ಇಲ್ಲ. 1899ರಲ್ಲಿ, ತಟ್ಟುವ ಅಗತ್ಯವೇ ಇಲ್ಲದೆ ತಾನಾಗಿ ಚೇತರಿಸಿಕೊಳ್ಳುವ, ಕಬ್ಬಿಣ ಮತ್ತು ಪಾದರಸದ ಡಿಟೆಕ್ಟರ್ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಸೆಲ್, ಸ್ಪ್ರಿಂಗ್, ತುಕ್ಕು, ತೇವ. ಈ ನಾಲ್ಕು ಪದಗಳನ್ನು ನೆನಪಿಡಿ. ಈಗ ಔರಾದ್ ಡಬ್ಬಿಗೆ ಹೋಗಿ ಬರೋಣ.

ಕಳೆದ ಜೂನ್, ಮೃಗಶಿರಾ ಮಳೆಯ ಕಾಲ. ನಮ್ಮ ಕಡೆ ಮಿರಗ ಎನ್ನುತ್ತಾರೆ. ಉದ್ದು, ಹೆಸರು, ಸೋಯಾ, ತೊಗರಿ ಬಿತ್ತನೆಗೆ ಎಲ್ಲರೂ ಕಾಯುವ ಮಳೆ. ಐದು ದಿನ ಬೀದರ್ ಡಬ್ಬಿ ಮತ್ತು ಭಾಲ್ಕಿ ಡಬ್ಬಿ ಲೆಕ್ಕ ಕಳುಹಿಸಿದವು. ಔರಾದ್‌ನಿಂದ ಏನೂ ಇಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಖಾಲಿ ಮನೆಗಳೆಲ್ಲ ತಾವಾಗಿಯೇ ಸೊನ್ನೆಯಾಗಿ ಕೂತಿದ್ದವು. ಹಾಗೆ ಬರೆದಿದ್ದವನು ನಾನೇ. ನಮ್ಮ ಪ್ರಸ್ಥಭೂಮಿಯಲ್ಲಿ ಒಂದೂರಿಗೆ ಮಳೆ, ಪಕ್ಕದೂರಿಗೆ ಬಿಸಿಲು ಎಂಬುದು ಹೊಸತಲ್ಲ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮರುವಾರ ವಿಜ್ಞಾನ ಪ್ರದರ್ಶನ ಇತ್ತು. ಔರಾದ್ ಭಾಗದಲ್ಲಿ ಐದು ದಿನ ಮಳೆ ಇಲ್ಲ ಎಂದು ಚಾರ್ಟ್‌ನಲ್ಲಿ ಕೆಂಪು ಬಣ್ಣದಿಂದ ಬರೆದೂ ಆಗಿತ್ತು.

ಆ ರಾತ್ರಿ ಅಮ್ಮಿ ನಾನಾಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಹಿಂದಿನ ಎರಡು ರಾತ್ರಿ ಹಳ್ಳ ತುಂಬಿ ಹರಿಯುವಷ್ಟು ಮಳೆ ಬಿದ್ದಿದೆ, ಹೊಲಕ್ಕೆ ಕಾಲಿಡಲು ಆಗುತ್ತಿಲ್ಲ ಎಂದು ನಾನಾ ಹೇಳುತ್ತಿದ್ದರು. ನನಗೆ ಊಟ ಸೇರಲಿಲ್ಲ. ನಾವು ಸೊನ್ನೆ ಎಂದು ಬರೆದದ್ದು ಸೊನ್ನೆ ಆಗಿರಲಿಲ್ಲ, ಮೌನವಾಗಿತ್ತು. ಮಳೆ ಇಲ್ಲ ಎನ್ನುವುದು ಒಂದು ಮಾತು. ನನಗೆ ಗೊತ್ತಿಲ್ಲ ಎನ್ನುವುದು ಇನ್ನೊಂದು ಮಾತು. ಎರಡನ್ನೂ ನಾವು ಒಂದೇ ಅಂಕಿಯಲ್ಲಿ ಬರೆದಿದ್ದೆವು.

ಭಾನುವಾರ ಬಸ್ ಹತ್ತಿ ಹೋದೆವು. ಮಲ್ಟಿಮೀಟರ್ ಹಚ್ಚಿದರೆ 3.9 ವೋಲ್ಟ್ ತೋರಿಸಿತು. ಸೆಲ್ ಸರಿಯಾಗಿದೆ ಎನ್ನುವ ಅಂಕಿ ಅದು. ಆದರೂ ಇರಲಿ ಎಂದು ಹೊಸ ಸೆಲ್ ಹಾಕಿದೆವು. ತಕ್ಷಣ ಸಂದೇಶ ಹೋಯಿತು. ಸೆಲ್‌ನದ್ದೇ ದೋಷ ಎಂದು ಖುಷಿಯಿಂದ ಬೀದರ್‌ಗೆ ಮರಳಿದೆವು. ಎರಡು ದಿನದಲ್ಲಿ ಡಬ್ಬಿ ಮತ್ತೆ ಮೌನ.

ಆ ವಾರವೇ ನಾನು ಬೋಸರ ಜೀವನದ ಮುಂದಿನ ಭಾಗ ಓದಿದ್ದು.

ಬೋಸರು ತಮ್ಮ ರಿಸೀವರ್‌ಗಳನ್ನು ದಿನವಿಡೀ ಬಳಸುವಾಗ ಒಂದು ವಿಚಿತ್ರ ಕಂಡರು. ಬಿಡುವಿಲ್ಲದೆ ಕೆಲಸ ಮಾಡಿಸಿದರೆ ಅವು ಮಂದವಾಗುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚುರುಕಾಗುತ್ತಿದ್ದವು. ದಣಿದ ಮನುಷ್ಯ ಕೂತು ಎದ್ದಂತೆ. ಬೇರೆ ಯಾರಾದರೂ ಆಗಿದ್ದರೆ ಹಾಳು ಉಪಕರಣ ಎಂದು ಬದಲಿಸಿ ಮುಂದೆ ಹೋಗುತ್ತಿದ್ದರು. ಬೋಸರು ಆ ದೋಷವನ್ನೇ ಎದುರಿಗೆ ಕೂರಿಸಿಕೊಂಡು ಅಳೆಯತೊಡಗಿದರು. ಎಷ್ಟು ಹೊತ್ತಿಗೆ ದಣಿಯುತ್ತದೆ, ಎಷ್ಟು ಹೊತ್ತಿಗೆ ಚೇತರಿಸಿಕೊಳ್ಳುತ್ತದೆ ಎಂದು ಗೆರೆ ಎಳೆದು ನೋಡಿದರು. ಆ ಗೆರೆಗಳು ಪ್ರಾಣಿಗಳ ಸ್ನಾಯು ದಣಿಯುವ ಗೆರೆಗಳಂತೆಯೇ ಕಂಡವು. ಲೋಹ ಹೀಗೆ ವರ್ತಿಸಿದರೆ, ಲೋಹಕ್ಕೂ ಪ್ರಾಣಿಗೂ ನಡುವೆ ಇರುವ ಗಿಡ ಹೇಗೆ ವರ್ತಿಸೀತು ಎಂಬ ಪ್ರಶ್ನೆ ಹುಟ್ಟಿತು. 1900ರಲ್ಲಿ ಪ್ಯಾರಿಸ್‌ನ ಭೌತವಿಜ್ಞಾನಿಗಳ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು, 1902ರಲ್ಲಿ ಪುಸ್ತಕ ತಂದರು. ಬದುಕಿನ ಉಳಿದ ಮೂವತ್ತೈದು ವರ್ಷ ಈ ಪ್ರಶ್ನೆಯ ಹಿಂದೆ ಹೋಯಿತು. ಎಲ್ಲಕ್ಕೂ ಬೀಜ ಒಂದು ಸುಸ್ತಾದ ರಿಸೀವರ್.

ಇದನ್ನು ಓದಿ ನನಗೆ ಹೊಳೆದದ್ದು ಇಷ್ಟೆ: ಡಬ್ಬಿ ಸುಮ್ಮನಿರುವಾಗ ಅಳೆದರೆ ಏನೂ ಗೊತ್ತಾಗುವುದಿಲ್ಲ, ದುಡಿಯುವಾಗ ಅಳೆಯಬೇಕು. ಮಾಡ್ಯೂಲ್ ಮಲಗಿದ್ದಾಗ ಎಳೆಯುವ ಕರೆಂಟ್ ಎರಡು ಮೂರು ಮಿಲಿಆಂಪಿಯರ್. ಸಂದೇಶ ಕಳುಹಿಸುವ ಗಳಿಗೆಯಲ್ಲಿ ಅದು 2 ಆಂಪಿಯರ್ ತನಕ ಜಿಗಿಯುತ್ತದೆ. ಆ ಜಿಗಿತ ಎಷ್ಟು ಕ್ಷಣಿಕವೆಂದರೆ ಸಾಧಾರಣ ಮಲ್ಟಿಮೀಟರ್ ಅದನ್ನು ಹಿಡಿಯಲಾರದು. ಸರ್ ಹೇಳಿದಂತೆ 2 ಓಮ್‌ನ ದಪ್ಪ ರೆಸಿಸ್ಟರ್ ಒಂದನ್ನು ತೆಗೆದುಕೊಂಡು ಮತ್ತೆ ಹೋದೆವು. ಈ ಸಲ ಏನನ್ನೂ ಬದಲಿಸದೆ, ಏನನ್ನೂ ಅಲ್ಲಾಡಿಸದೆ, ರೆಸಿಸ್ಟರನ್ನು ಹೋಲ್ಡರ್‌ನ ತಂತಿಗಳಿಗೆ ಸೇರಿಸಿ ಎರಡು ಕಡೆ ಅಳೆದೆವು. ಸೆಲ್‌ನ ತುದಿಗಳಲ್ಲಿ ಸುಮಾರು 3.8 ವೋಲ್ಟ್. ಹೋಲ್ಡರ್‌ನಿಂದ ಹೊರಡುವ ತಂತಿಯಲ್ಲಿ ಸುಮಾರು 3.0 ವೋಲ್ಟ್. ನಡುವೆ 0.8 ವೋಲ್ಟ್ ಕಾಣೆ.

ಕಳ್ಳ ಕೂತಿದ್ದದ್ದು ಸೆಲ್ ಹೋಲ್ಡರ್‌ನ ಸ್ಪ್ರಿಂಗ್‌ನಲ್ಲಿ. ತಂತಿ ಹೋಗುವ ತೂತಿನಿಂದ ಮಳೆಯ ತೇವ ಒಳಗಿಳಿದು ಸ್ಪ್ರಿಂಗ್‌ಗೆ ಜಂಗು ಹಿಡಿದಿತ್ತು. ಲೆಕ್ಕ ಹಾಕಿದರೆ ಆ ಜಂಗಿನ ರೋಧ ಅರ್ಧ ಓಮ್. ಎರಡು ಮಿಲಿಆಂಪಿಯರ್ ಹರಿಯುವಾಗ ಅರ್ಧ ಓಮ್‌ನಲ್ಲಿ ಕಳೆಯುವುದು ಒಂದು ಮಿಲಿವೋಲ್ಟ್, ಮೀಟರ್‌ಗೆ ಕಾಣುವುದೇ ಇಲ್ಲ. ಎರಡು ಆಂಪಿಯರ್ ಹರಿಯುವಾಗ ಅದೇ ಅರ್ಧ ಓಮ್ ಒಂದು ಪೂರ್ತಿ ವೋಲ್ಟ್ ನುಂಗುತ್ತದೆ. ಮಾಡ್ಯೂಲ್‌ಗೆ ಕನಿಷ್ಠ 3.4 ವೋಲ್ಟ್ ಬೇಕು. ಸಿಗುತ್ತಿದ್ದದ್ದು 2.8. ಹಾಗಾಗಿ ಪ್ರತಿ ಸಲ ಮಾತಾಡಲು ಬಾಯಿ ತೆರೆದಾಗಲೂ ಡಬ್ಬಿ ಮೂರ್ಛೆ ಹೋಗುತ್ತಿತ್ತು. ಹೊಸ ಸೆಲ್ ಹಾಕಿದಾಗ ಎರಡು ದಿನ ಸರಿಹೋದದ್ದು ಸೆಲ್‌ನಿಂದಲ್ಲ. ಅದನ್ನು ತುರುಕುವಾಗ ಸ್ಪ್ರಿಂಗ್ ಉಜ್ಜಿಕೊಂಡು ಜಂಗು ಸ್ವಲ್ಪ ಕಿತ್ತುಹೋಗಿತ್ತು, ಅಷ್ಟೆ. ಕೊಹೀರರ್ ಅನ್ನು ಬೆರಳಿನಿಂದ ತಟ್ಟಿದಂತೆ. ಸದ್ಯಕ್ಕೆ ಸರಿಹೋಯಿತು ಎಂಬುದು ಕಾರಣ ಸಿಕ್ಕಿತು ಎಂಬುದಕ್ಕೆ ಸಾಕ್ಷಿಯಲ್ಲ. ಓಮ್‌ನ ನಿಯಮವನ್ನು ಪರೀಕ್ಷೆಗಾಗಿ ನೂರು ಸಲ ಬರೆದಿದ್ದೇನೆ. ಅದು ನಿಜವೆಂದು ಗೊತ್ತಾದದ್ದು ಕೆಸರಿನ ಹೊಲದಲ್ಲಿ ನಿಂತಾಗ.

ಪಾಲಿಶ್ ಪೇಪರ್‌ನಿಂದ ಸ್ಪ್ರಿಂಗ್ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿದೆವು. ತಂತಿಯ ತೂತನ್ನು ಡಬ್ಬಿಯ ಮಗ್ಗುಲಿನಿಂದ ತಳಕ್ಕೆ ಬದಲಿಸಿ, ತಂತಿ ಕೆಳಗೆ ಬಾಗಿ ಮೇಲೇರುವಂತೆ ಮಾಡಿದೆವು, ನೀರು ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಬೀಳಲೆಂದು. ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟೆವು. ಆಮೇಲೆ ಆಲಿಕೆಗೆ 314 ಮಿಲಿಲೀಟರ್ ನೀರನ್ನು ನಿಧಾನವಾಗಿ ಸುರಿದೆವು. ನಮ್ಮ ಆಲಿಕೆಯ ಅಗಲಕ್ಕೆ ಅದು ಸರಿಯಾಗಿ 10 ಮಿಲಿಮೀಟರ್ ಮಳೆ. ಬಟ್ಟಲು 20 ಸಲ ವಾಲಬೇಕು. ವಾಲಿತು.

ಇನ್ನು ಬೋಸರ ಬದುಕಿನ ಉಳಿದ ಭಾಗ.

1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಸಂಕೇತವನ್ನು ಹಿಡಿದು ಜಗತ್ಪ್ರಸಿದ್ಧರಾದರು. ಅವರು ಬಳಸಿದ ಡಿಟೆಕ್ಟರ್ ಬೋಸರು 1899ರಲ್ಲಿ ಪ್ರಕಟಿಸಿದ್ದ ಬಗೆಯದೇ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. 1909ರ ನೊಬೆಲ್ ಪ್ರಶಸ್ತಿ ಮಾರ್ಕೋನಿ ಮತ್ತು ಬ್ರೌನ್ ಅವರಿಗೆ ಹೋಯಿತು. ಇದನ್ನು ಹೇಳಿ ಮಾರ್ಕೋನಿಯನ್ನು ಬಯ್ಯುವುದು ಸುಲಭ. ಆದರೆ ದೂರದೂರಕ್ಕೆ ಸಂದೇಶ ಮುಟ್ಟಿಸುವ ವ್ಯವಸ್ಥೆ ಕಟ್ಟಿದ್ದು ಮಾರ್ಕೋನಿಯ ದುಡಿಮೆ. ಬೋಸರ ಮನಸ್ಸು ಆ ದಾರಿಯಲ್ಲಿ ಇರಲೇ ಇಲ್ಲ. ಉಪಕರಣದಿಂದ ಹಣ ಮಾಡುವ ಆಹ್ವಾನ ಬಂದಾಗ ಬೇಡವೆಂದರು, ರಚನೆಯನ್ನು ಎಲ್ಲರಿಗೂ ತೆರೆದು ತೋರಿಸಿದರು. ಸಿಸ್ಟರ್ ನಿವೇದಿತಾ ಮತ್ತು ಸಾರಾ ಬುಲ್ ಎಂಬ ಹಿತೈಷಿಗಳ ಒತ್ತಾಯಕ್ಕೆ ಒಪ್ಪಿ ಗೆಲಿನಾ ಹರಳಿನ ಡಿಟೆಕ್ಟರ್‌ಗೆ ಅಮೆರಿಕದಲ್ಲಿ ಅರ್ಜಿ ಹಾಕಿದರು. 1904ರಲ್ಲಿ ಪೇಟೆಂಟ್ ಸಿಕ್ಕಿತು. ಅದರಿಂದ ಲಾಭ ಮಾಡಿಕೊಳ್ಳಲು ಹೋಗಲಿಲ್ಲ.

ಗಿಡಗಳ ಕೆಲಸದಲ್ಲಿ ಅವರಿಗೆ ಹಾದಿ ಸುಗಮವಾಗಿರಲಿಲ್ಲ. ಭೌತಶಾಸ್ತ್ರದವನಿಗೆ ಇಲ್ಲೇನು ಕೆಲಸ ಎಂಬಂತೆ ಕೆಲವು ಶರೀರವಿಜ್ಞಾನಿಗಳು ನೋಡಿದರು. ಪ್ರಬಂಧಗಳು ತಡೆದು ನಿಂತವು. ಬೋಸರು ಉತ್ತರ ಕೊಟ್ಟದ್ದು ಇನ್ನೂ ಸೂಕ್ಷ್ಮವಾದ ಉಪಕರಣ ಕಟ್ಟಿ. ಅವರ ಕ್ರೆಸ್ಕೋಗ್ರಾಫ್ ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು. ಕಣ್ಣೆದುರೇ ಗಿಡ ಬೆಳೆಯುವುದನ್ನು ಗೆರೆಯಾಗಿ ನೋಡಬಹುದಿತ್ತು. ಅವರು ಹೇಳಿದ್ದೆಲ್ಲವನ್ನೂ ವಿಜ್ಞಾನ ಒಪ್ಪಿಲ್ಲ. ಆದರೆ ಗಿಡಗಳೊಳಗೆ ವಿದ್ಯುತ್ ಸಂಕೇತಗಳು ಹರಿಯುತ್ತವೆ ಎಂಬ ಮಾತು ಇಂದು ಪಠ್ಯದಲ್ಲಿದೆ. ದೊಡ್ಡವರ ಮಾತಿನಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂದು ಬಿಡಿಸಿ ಹೇಳುವುದು ಅವರಿಗೆ ಅಗೌರವವಲ್ಲ.

1915ರಲ್ಲಿ ಕಾಲೇಜಿನಿಂದ ನಿವೃತ್ತರಾದರು. 1917ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ನವೆಂಬರ್ 30ರಂದು, ತಮ್ಮ 59ನೆಯ ಹುಟ್ಟುಹಬ್ಬಕ್ಕೆ, ಕೋಲ್ಕತ್ತದಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ತೆರೆದರು. 24 ಚದರ ಅಡಿಯಲ್ಲಿ ದುಡಿದವರು ಮುಂದಿನವರಿಗೆ ವಿಶಾಲ ಜಾಗ ಮಾಡಿಕೊಟ್ಟರು. 1920ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ರವೀಂದ್ರನಾಥ ಠಾಕೂರರು ಅವರ ಆಪ್ತ ಗೆಳೆಯರು, ಕಷ್ಟದ ದಿನಗಳಲ್ಲಿ ಬೆನ್ನಿಗೆ ನಿಂತವರು. ಬೋಸರೂ ಬಂಗಾಳಿಯಲ್ಲಿ ಬರೆಯುತ್ತಿದ್ದರು. ಅವರ ಪ್ರಬಂಧಗಳ ಸಂಗ್ರಹಕ್ಕೆ ಅವ್ಯಕ್ತ ಎಂದು ಹೆಸರು. ಹೇಳದೆ ಉಳಿದದ್ದು ಎಂದು ಅರ್ಥ. ಮೌನದೊಳಗೆ ಏನಿದೆ ಎಂದು ಹುಡುಕಿದವರಿಗೆ ತಕ್ಕ ಹೆಸರು. 1937ರ ನವೆಂಬರ್ 23ರಂದು, 79 ತುಂಬಲು ಒಂದು ವಾರ ಇರುವಾಗ, ಇಂದಿನ ಝಾರ್ಖಂಡ್‌ನ ಗಿರಿಡೀಹ್‌ನಲ್ಲಿ ತೀರಿಕೊಂಡರು.

ಚಾರ್ಟ್‌ನ ಕಥೆ ಹೇಳಿ ಮುಗಿಸುತ್ತೇನೆ. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ನಮ್ಮ ಗುಂಪಿನಲ್ಲಿ ಚರ್ಚೆಯಾಯಿತು. ಸೊನ್ನೆಯನ್ನು ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದ ಒಬ್ಬ. ಬೀದರ್ ಮತ್ತು ಭಾಲ್ಕಿಯ ಸರಾಸರಿ ತುಂಬಿಬಿಡೋಣ ಎಂದ ಇನ್ನೊಬ್ಬ. ನಾನಾ ಅವರ ಅಂಗಳದ ಬಕೆಟ್‌ನಲ್ಲಿ ಮೂರು ಬೆರಳು ನೀರು ನಿಂತಿತ್ತಲ್ಲ, ಅದನ್ನೇ ಅಂಕಿ ಮಾಡೋಣ ಎಂದು ನನಗೂ ಆಸೆಯಾಯಿತು. ಚಿಕ್ಕಂದಿನಿಂದ ನಮಗೆ ಅಮಾನತ್ ಎಂದರೇನು ಎಂದು ಕಲಿಸಿದ್ದಾರೆ. ನಂಬಿ ಕೊಟ್ಟದ್ದನ್ನು ಕೊಟ್ಟಂತೆಯೇ ಒಪ್ಪಿಸುವುದು. ಹಣ, ಒಡವೆ ಮಾತ್ರ ಅಮಾನತ್ ಎಂದುಕೊಂಡಿದ್ದೆ. ಅಂಕಿಯೂ ಅಮಾನತ್ತೇ ಎಂದು ಆ ದಿನ ಅನ್ನಿಸಿತು. ಐದು ಮನೆಗಳಲ್ಲಿ ಸೊನ್ನೆ ಅಳಿಸಿ ಮಾಹಿತಿ ಇಲ್ಲ ಎಂದು ಬರೆದೆವು. ಕೆಳಗೆ ಕಾರಣವನ್ನೂ ಬರೆದೆವು. ಬಹುಮಾನ ಬರಲಿಲ್ಲ. ಆದರೆ ತೀರ್ಪುಗಾರರಲ್ಲಿ ಒಬ್ಬರು ಉಳಿದ ಚಾರ್ಟ್‌ಗಳಿಗಿಂತ ಆ ಐದು ಮನೆಗಳ ಮುಂದೆ ಹೆಚ್ಚು ಹೊತ್ತು ನಿಂತರು.

ಈಗ ಮೂರೂ ಡಬ್ಬಿಗಳು ಮಳೆ ಇರಲಿ ಬಿಡಲಿ ಆರು ಗಂಟೆಗೊಮ್ಮೆ ಒಂದು ಸಂದೇಶ ಕಳುಹಿಸುತ್ತವೆ: ನಾನಿದ್ದೇನೆ, ನನ್ನ ಸೆಲ್ ಇಷ್ಟು ವೋಲ್ಟ್. ಇದರಿಂದ ಸೆಲ್ ಸ್ವಲ್ಪ ಬೇಗ ಖರ್ಚಾಗುತ್ತದೆ. ಆದರೆ ಸೊನ್ನೆ ಬಂದರೆ ಅದು ಸೊನ್ನೆಯೇ ಎಂದು ಧೈರ್ಯವಾಗಿ ಬರೆಯಬಹುದು. ಸಂದೇಶ ಬಾರದಿದ್ದರೆ ಪಟ್ಟಿಯ ಮನೆ ಖಾಲಿಯೇ ಉಳಿಯುತ್ತದೆ.

ನಾವು ದ್ವಿತೀಯ ಪಿಯುಸಿಯವರು ಮಾರ್ಚ್‌ನಲ್ಲಿ ಹೊರಡುತ್ತೇವೆ. ಡಬ್ಬಿಗಳನ್ನು ಯಾರಾದರೂ ನೋಡಿಕೊಳ್ಳಬೇಕು. ಲ್ಯಾಬ್‌ನ ಕಪಾಟಿನಲ್ಲಿ ಒಂದು ಕೆಂಪು ನೋಟ್‌ಬುಕ್ ಇದೆ. ಪ್ರತಿ ದೋಷದ ದಿನಾಂಕ, ಅಳತೆ, ಏನು ಬದಲಿಸಿದೆವು, ಆಮೇಲೆ ಏನಾಯಿತು ಎಲ್ಲವೂ ಅದರಲ್ಲಿದೆ. ಹೋಗುವಾಗ ಮಲ್ಟಿಮೀಟರ್, 2 ಓಮ್ ರೆಸಿಸ್ಟರ್, ಪಾಲಿಶ್ ಪೇಪರ್ ಒಯ್ಯಿರಿ. ಆಲಿಕೆಯಲ್ಲಿ ಎಲೆ, ಬಟ್ಟಲಿನ ಕೆಳಗೆ ಜೇಡರ ಬಲೆ, ಫಲಕದ ಮೇಲೆ ಧೂಳು, ಆಂಟೆನಾದ ಸಡಿಲ ತಿರುಪು ಇವನ್ನು ಮೊದಲು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೈ ಹಾಕುವ ಮೊದಲು ಅಳೆಯಿರಿ. ಪ್ರಥಮ ಪಿಯುಸಿಯವರಲ್ಲಿ ಇಷ್ಟವಿದ್ದವರು ಶನಿವಾರ ಕೊನೆಯ ಪೀರಿಯಡ್ ಆದ ಮೇಲೆ ಲ್ಯಾಬ್‌ಗೆ ಬನ್ನಿ. ನಾನಾ ಅವರಿಗೂ ಹೇಳಿಟ್ಟಿದ್ದೇನೆ. ಔರಾದ್‌ಗೆ ಹೋದರೆ ಊಟ ಮಾಡಿಸದೆ ಕಳುಹಿಸುವುದಿಲ್ಲ.